ನದಿ ದಾಟಿದ ಹೊತ್ತು

…ಅಥವಾ ಆ ದೀಪವನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ದಿನಚರಿಯ ಆ ಸಾಲಿನಲ್ಲಿ ನಾಲ್ಕು ಸಂಗತಿಗಳಿದ್ದವು ಎಂದು ಈಗ ಹೇಳುತ್ತಿದ್ದೇನೆ. ಆಗ ಲೆಕ್ಕಕ್ಕೆ ತೆಗೆದುಕೊಂಡದ್ದು ಮೂರನ್ನೇ. ಲೆಕ್ಕಕ್ಕೆ ಬಿಟ್ಟದ್ದನ್ನೇ ಇಷ್ಟು ಚೆನ್ನಾಗಿ ನೆನಪಿಟ್ಟಿರುವವನನ್ನು ನಂಬುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಆದರೂ ಕೋಲಾರದ ಒಂದು ಅಚ್ಚುಕೂಟದಲ್ಲಿ ಕಳೆದ ಆ ಕೆಲವು ದಿನಗಳನ್ನು ಆದಷ್ಟು ಸಾಲಾಗಿ ಬರೆದಿಡಲು ನೋಡುತ್ತೇನೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಆಷಾಢ. ಆಷಾಢ ಎನ್ನುವುದಾದರೂ ಖಚಿತ. ಗಾಳಿಗೆ ಹಾಳೆಗಳು ಹಾರದಂತೆ ಒಂದೊಂದರ ಮೇಲೂ ಸೀಸದ ಅಚ್ಚುಮೊಳೆಗಳನ್ನು ಹೇರಿ ಇಡುತ್ತಿದ್ದೆವು.

ಕೆಲಸ ಇದು. ಶ್ರೀನಿವಾಸಪುರದ ಕಡೆ ಮಾವಿನ ತೋಟಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರು, ಹಣ್ಣನ್ನು ಮಂಜುಗಡ್ಡೆಯ ಮೇಲಿಟ್ಟು ಸಾವಿರಾರು ಮೈಲಿ ಕೊಳೆಯದಂತೆ ಸಾಗಿಸುವುದು ಹೇಗೆಂದು ಕಲಿಯಲು ಅಮೇರಿಕಕ್ಕೆ ಹೋಗಿ ಎಂಟು ತಿಂಗಳು ಇದ್ದು ಬಂದಿದ್ದರು. ಆ ಎಂಟು ತಿಂಗಳಲ್ಲಿ ಅವರು ನೆಲದ ಮೇಲೆ ಮಲಗಿದ್ದಕ್ಕಿಂತ ರೈಲಿನಲ್ಲಿ ಮಲಗಿದ್ದೇ ಹೆಚ್ಚಂತೆ. ತಂದದ್ದು ಒಂದು ದಿನಚರಿ, ಒಂದು ಕಟ್ಟು ರೈಲ್ವೆ ವೇಳಾಪಟ್ಟಿ, ಒಂದು ಲಕೋಟೆ ತುಂಬ ಟಿಕೆಟ್ಟಿನ ಚೂರುಗಳು. ಇವರನ್ನು ಪ್ರವಾಸಿ ಎಂದೇ ಕರೆಯುತ್ತೇನೆ.

"ಹಣ್ಣು ಬೇಡ ಸ್ವಾಮಿ," ಎಂದಿದ್ದರು ಅಚ್ಚುಕೂಟದ ಯಜಮಾನರು. "ಹಣ್ಣು ನಮ್ಮೂರಲ್ಲೇ ಕೊಳೀತಾ ಬಿದ್ದಿದೆ. ಜನಕ್ಕೆ ರೈಲು ಬೇಕು. ಬರೀ ರೈಲು."

ದಿನಚರಿಯನ್ನು ಪುಸ್ತಕ ಮಾಡಿಕೊಡಲು ನನ್ನನ್ನು ಕರೆಸಿದರು. ನಾನು ಮಾಲೂರಿನವನು, ಮದರಾಸಿನ ಮೇಲ್ ಗಾಡಿ ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವುದನ್ನು ನೋಡುತ್ತ ಬೆಳೆದವನು. ಒಂದು ರಾತ್ರಿಗಿಂತ ಹೆಚ್ಚು ರೈಲಿನಲ್ಲಿ ಕೂತವನಲ್ಲ. ಆದರೂ ನನಗೆ ಆಗ ಒಂದು ಹುಚ್ಚಿತ್ತು: ಮೊದಲು, ನಡು, ಕೊನೆ ಎಂಬ ಕ್ರಮವಿಲ್ಲದೆ ಬರೆಯಬೇಕು, ಓಡುವ ರೈಲಿನ ಕಿಟಕಿಯಲ್ಲಿ ಕಾಣುವ ಹಾಗೆ ಬರೆಯಬೇಕು. ಮೊದಲ ಮೂವತ್ತು ಪುಟ ಹಾಗೇ ಬರೆದುಕೊಟ್ಟೆ.

ಯಜಮಾನರು ಓದಿ, ಕನ್ನಡಕ ಹಣೆಗೇರಿಸಿ, "ಏನ್ ಕವಿಗಳೇ, ಗಾಡಿ ಹೊರಡೋಕ್ಕೆ ಮುಂಚೆ ಊರು ತಲುಪ್ಬಿಟ್ಟಿದೀರಲ್ಲ! ನಮ್ ಸಣ್ಣ ರೈಲೂ ಇಷ್ಟು ಮೋಸ ಮಾಡಲ್ಲ. ಟೈಮ್ ಪ್ರಕಾರ ಬರೀರಿ," ಎಂದರು.

ಹಾಗಾಗಿ ವೇಳಾಪಟ್ಟಿಗಳನ್ನು ಬಿಚ್ಚಿ ಗೋಡೆಗೆ ಅಂಟಿಸಿದೆ. ಪ್ರವಾಸಿ ಬೆಳಗಿನ ಸಣ್ಣ ರೈಲಿಗೆ ಶ್ರೀನಿವಾಸಪುರದಿಂದ ಬಂದು, ಸಂಜೆಯ ಗಾಡಿಯವರೆಗೆ ನನ್ನೆದುರು ಕೂತು, ದಿನಚರಿ ನೋಡಿಕೊಂಡು ಹೇಳುತ್ತಿದ್ದರು. ನಾನು ಬರೆದದ್ದು ಮಧ್ಯಾಹ್ನಕ್ಕೆ ಮೊಳೆ ಜೋಡಿಸುವವರ ಕೈಗೆ ಹೋಗುತ್ತಿತ್ತು. ಮರುದಿನ ಪ್ರೂಫು ಬರುತ್ತಿತ್ತು. ಪ್ರವಾಸಿ ಅದನ್ನು ಬಿಡಾರಕ್ಕೆ ಒಯ್ದು ಓದಿ ತರುತ್ತಿದ್ದರು. ಈ ಓದಿ ತರುವುದರಲ್ಲೇ ಎಡವಟ್ಟಿತ್ತೆಂದು ಆಗ ತಿಳಿಯಲಿಲ್ಲ.

ಅವರು ಹೇಳುತ್ತಿದ್ದುದನ್ನು ಕೇಳಲು ಅಚ್ಚಿನ ಯಂತ್ರ ತುಳಿಯುವವರೂ ಕಾಲು ನಿಲ್ಲಿಸುತ್ತಿದ್ದರು. ಅಲ್ಲಿ ಯಾರೂ ಹಾಸಿಗೆ ಸುತ್ತಿಕೊಂಡು ರೈಲು ಹತ್ತುವುದಿಲ್ಲ. ಸಂಜೆಯಾದರೆ ಗಾಡಿಯಲ್ಲೇ ಚಾಕರಿಗಿರುವ ಪೋರ್ಟರನೊಬ್ಬ ಬಂದು ಛಾವಣಿಯಿಂದ ಒಂದು ಹಲಗೆ ಇಳಿಸುತ್ತಾನೆ. ಒಳಗೆ ಬಿಳಿಯ ಹಾಸಿಗೆ. ಕೆಳಗಿನ ಎರಡು ಸೀಟು ಕೂಡಿ ಇನ್ನೊಂದು ಹಾಸಿಗೆ. ಹಸಿರು ಪರದೆ ಎಳೆದರೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಪರದೆಯ ಆಚೆ ಯಾರ ಹೆಂಡತಿಯೋ, ಈಚೆ ನೀವು. ಊಟದ ಹೊತ್ತಾಯಿತೆಂದು ಒಬ್ಬ ಸಣ್ಣ ಗಂಟೆಗಳನ್ನು ಬಾರಿಸುತ್ತ ನಡೆದುಹೋಗುತ್ತಾನೆ. ಕುಡಿಯಲು ಮಂಜಿನ ನೀರು, ಕಾಗದದ ಲೋಟದಲ್ಲಿ. ಕುಡಿದು ಲೋಟವನ್ನೇ ಎಸೆಯುವುದು. ಹೊಸ ಗಾಡಿಗಳಲ್ಲಿ ತಣ್ಣನೆಯ ಗಾಳಿ ಬಿಡುತ್ತಾರೆ, ಆದ್ದರಿಂದ ಕಿಟಕಿ ತೆಗೆಯುವ ಹಾಗೇ ಇಲ್ಲ.

"ಕಿಟಕೀನೇ ತೆಗೆಯೋಂಗಿಲ್ವಾ?" ಯಜಮಾನರಿಗೆ ನಂಬಿಕೆಯಾಗಲಿಲ್ಲ. "ಹಾಗಾದ್ರೆ ಕಡ್ಲೆಕಾಯಿ ಸಿಪ್ಪೆ ಎಲ್ಲಿಗೆ ಹಾಕ್ತಾರೆ?"

"ಕಡ್ಲೆಕಾಯಿ ತಿನ್ನಲ್ಲ ಸ್ವಾಮಿ. ಪಕ್ಕದೋನು ನಿಮ್ಮನ್ನೇ ತಿಂತಾನೆ. ಎಲ್ಲಿಯವರು, ಏನು ಕೆಲಸ, ಎಷ್ಟು ಸಂಬಳ, ತಲೆ ಮೇಲಿಂದು ತೆಗೆದರೆ ಏನಾಗುತ್ತೆ. ನನ್ನ ಪೇಟ ನೋಡಿ ಒಬ್ಬಳು ಮುದುಕಿ ಕೈ ಚಾಚಿ ಭವಿಷ್ಯ ಕೇಳಿದ್ಲು."

"ಹೇಳಿದ್ರಾ?"

"ಮೂರು ದಿನದ ಪ್ರಯಾಣ. ಹೇಳ್ದೆ ಬಿಡ್ತಾಳಾ?"

ಪೋರ್ಟರುಗಳೆಲ್ಲ ಕರಿಯ ಜನ. ಪ್ರಯಾಣಿಕರು ಎಲ್ಲರನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರಂತೆ, ಯಾವ ಗಾಡಿಯಾದರೂ, ಯಾವ ಮನುಷ್ಯನಾದರೂ. "ಅವನೂ ಆ ಹಾಸಿಗೇಲಿ ಮಲಗ್ಬಹುದಾ?" ಎಂದು ಮೊಳೆ ಜೋಡಿಸುವವನೊಬ್ಬ ಕೇಳಿದ. "ಹಾಸಬಹುದು," ಎಂದರು ಪ್ರವಾಸಿ.

ಎರಡನೆಯ ಅಧ್ಯಾಯ ಪೂರ್ತಿ ಅಲ್ಲಿನ ಕಾಲದ ವಿಷಯ. ಗಾಡಿ ಪಡುವಣಕ್ಕೆ ಹೋದಂತೆ ಒಂದೊಂದು ಕಡೆ ಪೋರ್ಟರು ಬಂದು ಗಡಿಯಾರ ಒಂದು ಗಂಟೆ ಹಿಂದಕ್ಕೆ ಇಡಿ ಎನ್ನುತ್ತಾನೆ. ಆಗಲೇ ಕಳೆದ ಗಂಟೆಯನ್ನು ಮತ್ತೊಮ್ಮೆ ಕೊಡುತ್ತಾರೆ. ಇಡೀ ದಾರಿಯಲ್ಲಿ ಹೀಗೆ ಎರಡು ಸಲ, ಮೂರು ಸಲ. ನನಗೆ ಇದು ತುಂಬ ಹಿಡಿಸಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಪ್ರವಾಸಿ ತಡವಾಗಿ ಬಂದರು. ಸಣ್ಣ ರೈಲಿನಲ್ಲಲ್ಲ, ಮುಳಬಾಗಿಲಿನ ಬಸ್ಸಿನಲ್ಲಿ. ಮುಖ ಒಣಗಿತ್ತು. ಕೂತವರೇ, "ಐದನೇ ಅಧ್ಯಾಯ ಬೇಗ ಆಗಬೇಕು," ಎಂದರು.

ಕೆಲಸಕ್ಕಾಗಿ ಶ್ರೀನಿವಾಸಪುರದಲ್ಲಿ ಬಿಡಾರ ಮಾಡಿದ್ದರೂ ಅವರ ಮನೆ ಮುಳಬಾಗಿಲು. ತಂದೆ ಪುರೋಹಿತರಾಗಿದ್ದು ತೀರಿಕೊಂಡಿದ್ದರು. ಇವರೊಬ್ಬರೇ ಮಗ, ವರ್ಷಕ್ಕೊಮ್ಮೆ ತಂದೆಯ ತಿಥಿ ಮಾಡಬೇಕಾದವರು ಇವರೇ. ತಾಯಿ ಸಮುದ್ರ ದಾಟಲು ಒಪ್ಪಿದ್ದು ಒಂದು ಮಾತಿನ ಮೇಲೆ: ಎಲ್ಲೇ ಇರಲಿ, ಆಷಾಢ ಬಹುಳ ಪಂಚಮಿಯ ದಿನ ಮಧ್ಯಾಹ್ನ ಅಪ್ಪನ ಹೆಸರಿನಲ್ಲಿ ಎಳ್ಳುನೀರು ಬಿಡಬೇಕು. ಕರಿಎಳ್ಳು ದರ್ಭೆ ಕಟ್ಟಿಕೊಟ್ಟಿದ್ದರು.

"ಬಂದ ದಿನವೇ ಕೇಳಿದಳು. ಬಿಟ್ಟೆ ಅಂದೆ. ಎಲ್ಲಿ ಅಂದಳು. ರೈಲಿನಲ್ಲಿ ಅಂದೆ. ನಗ್ತಾ ಹೇಳ್ಬಿಟ್ಟೆ ಕಣ್ರೀ, ಅದೇ ತಪ್ಪಾಯ್ತು. ಅವತ್ತಿಂದ ಒಂದೇ ಹೊತ್ತು ಊಟ. ಮೂರು ತಿಂಗಳಾಯ್ತು. ಈಗ ಎದ್ದು ಕೂರೋಕೂ ಒಬ್ಬರು ಹಿಡಿಯಬೇಕು. ಹೋದ ವರ್ಷದ್ದು ಅವರಿಗೆ ಸೇರಿತೋ ಇಲ್ವೋ ಗೊತ್ತಾಗೋವರೆಗೂ ಈ ವರ್ಷದ್ದು ಮಾಡೋಕೆ ಬಿಡಲ್ಲ, ಎರಡನೇ ಹೊತ್ತು ತುತ್ತೂ ಎತ್ತಲ್ಲ ಅಂತಾಳೆ."

"ನೀವು ಹೇಳಿದ್ದು ನಂಬಲ್ವಾ?"

"ನಾನು ಬಾಯಲ್ಲಿ ಹೇಳೋದು ನಂಬಲ್ಲ. ಪುಸ್ತಕ ಆಗ್ತಿದೆ ಅಂತ ತಿಳಿದು, ಆ ಪುಟ ಅಚ್ಚಾಗಲಿ, ಮೂರನೆಯವರ ಬಾಯಲ್ಲಿ ಓದಿಸಿ ಕೇಳ್ತೀನಿ ಅಂದಿದಾಳೆ. ಅಚ್ಚಿನಲ್ಲಿ ಸುಳ್ಳು ಬರೆಯೋಕಾಗಲ್ವಂತೆ."

"ಅಯ್ಯೋ ತಾಯೀ," ಎಂದರು ಯಜಮಾನರು. "ನಮ್ಮ ಅಂಗಡಿಗೆ ಒಂದ್ಸಲ ಕರ್ಕೊಂಡು ಬನ್ನಿ." ಆ ವರ್ಷದ ಪಂಚಮಿಗೆ ಒಂದು ವಾರ ಉಳಿದಿತ್ತು.

ಐದನೆಯ ಅಧ್ಯಾಯಕ್ಕೆ ಬರಬೇಕಿದ್ದ ಹೋದ ವರ್ಷದ ಪಂಚಮಿಯ ದಿನಚರಿಯಲ್ಲಿದ್ದದ್ದು ಪೆನ್ಸಿಲಿನ ಒಂದು ಸಾಲು: "ಒಂದೂವರೆ. ನದಿ. ತರ್ಪಣ. ಪೋರ್ಟರನ ದೀಪ." ಟಿಕೆಟ್ಟಿನಲ್ಲಿ ಚಿಕಾಗೋ ಬಿಡುವುದು ಹತ್ತು ಗಂಟೆ. ವೇಳಾಪಟ್ಟಿಯಲ್ಲಿ ನದಿಯ ಸೇತುವೆಯ ಊರಿಗೆ ಎರಡು ಗಂಟೆ. ಹತ್ತಕ್ಕೆ ಹೊರಟು ಎರಡಕ್ಕೆ ನದಿ, ದಿನಚರಿಯಲ್ಲಿ ಒಂದೂವರೆ. ಅರ್ಧ ಗಂಟೆಯ ವ್ಯತ್ಯಾಸ, ಗಡಿಯಾರದ ದೋಷವಿರಬೇಕು ಎಂದು ತಳ್ಳಿಹಾಕಿದೆ. ಬೆಳಿಗ್ಗೆ ಹತ್ತು, ಮಧ್ಯಾಹ್ನ ಎರಡು. ತರ್ಪಣ ಬಿಡುವುದು ಮಧ್ಯಾಹ್ನವೇ. ದೀಪವನ್ನು ಏನು ಮಾಡಬೇಕೆಂದು ತಿಳಿಯದೆ ಬಿಟ್ಟುಬಿಟ್ಟೆ.

ಒಂದು ಸಾಲಿನಿಂದ ಎರಡು ಪುಟ ಮಾಡಿದೆ. ಗಾಡಿಯ ಕಟ್ಟಕಡೆಯಲ್ಲಿ ಕಟಕಟೆ ಇರುವ ಒಂದು ಬಯಲು ಜಗುಲಿ ಇರುತ್ತದೆಂದು ಪ್ರವಾಸಿ ಮೊದಲೇ ಹೇಳಿದ್ದರು. ಕಿಟಕಿ ತೆಗೆಯಲಾಗದ ಗಾಡಿಯಲ್ಲಿ ನೀರು ಬಿಡಲು ಅದೊಂದೇ ಜಾಗ. ಅಲ್ಲಿ ಅವರನ್ನು ನಿಲ್ಲಿಸಿದೆ. ಸೇತುವೆಯ ಕಬ್ಬಿಣದ ನಡುವೆ ಬಿಸಿಲನ್ನು ತುಂಡುತುಂಡಾಗಿ ಬೀಳಿಸಿದೆ. ಪೋರ್ಟರನ ಕೈಗೆ ಅವರ ಕೋಟು ಕೊಟ್ಟೆ. ಊಟದ ಗಾಡಿಯ ಅಡಿಗೆಯವನೊಬ್ಬ ತೊಟ್ಟಿಯ ನೀರನ್ನು ಚೆಲ್ಲುವಂತೆಯೂ, ಆ ನೀರೂ ಈ ನೀರೂ ಒಟ್ಟಿಗೆ ನದಿಗೆ ಬೀಳುವಂತೆಯೂ ಬರೆದೆ. ಆ ಅಡಿಗೆಯವನು ಅಮೇರಿಕದವನಲ್ಲ. ಅಚ್ಚುಕೂಟದ ಎದುರಿನ ಹೋಟೆಲಿನವನು. ಪ್ರತಿದಿನ ಎರಡು ಗಂಟೆಗೆ ಬೀದಿಗೆ ತೊಟ್ಟಿ ಚೆಲ್ಲುತ್ತಿದ್ದ.

ಪ್ರವಾಸಿ ಪ್ರೂಫು ಓದಿ ತಂದರು. ಒಂದಕ್ಷರವನ್ನೂ ತಿದ್ದಿರಲಿಲ್ಲ. "ಕಣ್ಣಿಗೆ ಕಟ್ಟಿದ ಹಾಗಿದೆ," ಎಂದರು. ನಾನು ಹಿಗ್ಗಿದೆ.

ತಪ್ಪು ಹಿಡಿದವರು ಯಜಮಾನರು. ಪುಸ್ತಕದ ಕೊನೆಗೆ ಆ ವೇಳಾಪಟ್ಟಿಯ ಒಂದು ತುಂಡನ್ನು ಹಾಗೇ ಅಚ್ಚು ಹಾಕೋಣವೆಂದು ಗೋಡೆಯ ಹತ್ತಿರ ನಿಂತು ಅಂಕಿಗಳನ್ನು ನೋಡುತ್ತಿದ್ದರು. ಮೊಳೆ ನೋಡಿ ನೋಡಿ ಸವೆದ ಕಣ್ಣು.

"ಏನಪ್ಪ ಇದು, ಕೆಲವು ಅಂಕಿ ದಪ್ಪ ಮೊಳೆ, ಕೆಲವು ತೆಳು ಮೊಳೆ? ಮೊಳೆ ಸಾಲದೆ ಬಂತಾ ಇವರಿಗೆ?"

ಹತ್ತಿರ ಹೋಗಿ ನೋಡಿದೆ. ಚಿಕಾಗೋ ಹತ್ತು, ದಪ್ಪ. ನದಿಯ ಊರು ಎರಡು, ತೆಳು. ಪಟ್ಟಿಯ ಬುಡದಲ್ಲಿ ಇರುವೆ ಸಾಲಿನಂತೆ ಒಂದು ಟಿಪ್ಪಣಿ: ತೆಳು ಅಂಕಿ ಮಧ್ಯಾಹ್ನಕ್ಕೆ ಮೊದಲು, ದಪ್ಪ ಅಂಕಿ ಮಧ್ಯಾಹ್ನದ ಮೇಲೆ. ಅಂದರೆ ಹೊರಟದ್ದು ರಾತ್ರಿ ಹತ್ತಕ್ಕೆ. ನದಿ ದಾಟಿದ್ದು ರಾತ್ರಿ ಎರಡಕ್ಕೆ.

ದೀಪ.

ಮೊದಲು ಬಂದ ಯೋಚನೆ ಪ್ರವಾಸಿ ಸುಳ್ಳು ಹೇಳಿದ್ದಾರೆ ಎಂದು. ಆಮೇಲೆ ಆ ಒಂದೂವರೆ ಕಾಡತೊಡಗಿತು. ಸುಳ್ಳು ಬರೆಯುವವನು ಮಧ್ಯಾಹ್ನದ ಹೊತ್ತು ಬರೆದು ಪಕ್ಕದಲ್ಲೇ ದೀಪ ಏಕೆ ಇಡುತ್ತಾನೆ? ಮರುದಿನ ಅವರು ಬಂದಾಗ ಬೇರೇನೂ ಹೇಳದೆ ಕೇಳಿದೆ: "ರೈಲಿನಲ್ಲಿ ನಿಮ್ಮ ಹತ್ತಿರ ಎಷ್ಟು ಗಡಿಯಾರ ಇತ್ತು?"

"ಎರಡು. ಕೈಗೊಂದು, ಪೋರ್ಟರು ಹೇಳಿದ ಹಾಗೆ ತಿರುಗಿಸ್ತಿದ್ದೆ. ಇನ್ನೊಂದು ಅಪ್ಪನ ಜೇಬುಗಡಿಯಾರ. ಅದರ ಮುಳ್ಳು ತಿರುಗಿಸಬೇಡ, ಊರಿನ ಹೊತ್ತೇ ಇರಲಿ ಅಂದಿದ್ದಳು ಅಮ್ಮ. ದಿನಾ ಕೀ ಕೊಡ್ತಿದ್ದೆ, ಅಷ್ಟೇ."

ಗೋಡೆಯ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಚಿಕಾಗೋ ರೈಲಿನ ಕಾಲಕ್ಕಿಂತ ನಮ್ಮದು ಹನ್ನೊಂದೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ ಎರಡಾದರೆ ಮುಳಬಾಗಿಲಿನಲ್ಲಿ ಮಧ್ಯಾಹ್ನ ಒಂದೂವರೆ. ಒಂದು ನಿಮಿಷದ ವ್ಯತ್ಯಾಸವೂ ಇಲ್ಲ. "ನೀವು ಬರೆದ ಒಂದೂವರೆ ಅಪ್ಪನ ಗಡಿಯಾರದ್ದು. ತರ್ಪಣ ಬಿಟ್ಟಾಗ ಅಲ್ಲಿ ರಾತ್ರಿ."

ಅವರು ಎದ್ದು ಗೋಡೆಯ ಹತ್ತಿರ ಹೋಗಿ ಅಂಕಿಗಳ ಮೇಲೆ ಬೆರಳಿಟ್ಟರು. "ಇಲ್ಲ ಕಣ್ರೀ. ಬಿಸಿಲಿತ್ತು."

"ದೀಪ ಅಂತ ಬರೆದಿದ್ದೀರಲ್ಲ."

"ಬಿಸಿಲಿತ್ತು ಅಂತೀನಿ! ನೀರು ಹೊಳೀತಿತ್ತು. ಅಡಿಗೆಯವನು ತೊಟ್ಟಿ ಚೆಲ್ಲಿದ್ದು ಕೂಡ ಕಣ್ಣ ಮುಂದಿದೆ. ಬಿಳೀ ಟೋಪಿ ಹಾಕ್ಕೊಂಡಿದ್ದ."

ಟೋಪಿಯನ್ನು ನಾನು ಬರೆದಿರಲಿಲ್ಲ. ನಾನು ಹುಟ್ಟಿಸಿದ ಅಡಿಗೆಯವನಿಗೆ ಅವರ ನೆನಪು ಆಗಲೇ ಟೋಪಿ ಹಾಕಿತ್ತು. ಎದುರಿನ ಹೋಟೆಲಿನವನದು ಬರೀ ತಲೆ. ಅವರ ಆ ರಾತ್ರಿ ಏನೇ ಇದ್ದಿರಲಿ, ನಾನು ಎರಡು ಪುಟ ಬರೆದು ಅದನ್ನು ಅಳಿಸಿಬಿಟ್ಟಿದ್ದೆ. ಹೇಳೋಣವೆಂದುಕೊಂಡೆ. ಬದಲಿಗೆ ಪ್ರೂಫನ್ನು ಮಡಿಸಿಟ್ಟೆ.

"ಆ ಪೋರ್ಟರನಿಗೆ ಒಂದು ಕಾಗದ ಬರೆದು ಕೇಳೋಕಾಗಲ್ವಾ?" ಎಂದರು ಯಜಮಾನರು.

"ಯಾರ ಹೆಸರಿಗೆ ಬರೆಯಲಿ ಸ್ವಾಮಿ? ನಾನೂ ಎಲ್ಲರ ಹಾಗೆ ಆ ಒಂದೇ ಹೆಸರಲ್ಲಿ ಕರೆದೆ. ಅವನ ಹೆಸರು ಕೇಳಲೇ ಇಲ್ಲ."

ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದರು: "ರಾತ್ರಿ ಬಿಟ್ಟ ಎಳ್ಳುನೀರು ಸೇರಲ್ಲ ಅಂತಾರೆ ನಮ್ಮಲ್ಲಿ. ಅಮ್ಮ ಪುರೋಹಿತರ ಹೆಂಡತಿ, ಅವಳಿಗೆ ಗೊತ್ತು. ರಾತ್ರಿ ಅಂದರೆ ಇರೋ ಒಂದು ಹೊತ್ತಿನ ಊಟಾನೂ ಬಿಡ್ತಾಳೆ. ಬಿಸಿಲಿನ ಪುಟಾನೇ ತಗೊಂಡು ಹೋಗಿ, ನೀವೇ ಓದಿ. ನಾನು ಎದುರಿಗಿದ್ದರೆ ನನ್ನ ಮುಖ ನೋಡ್ತಾಳೆ." ಅವರ ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು. ಆದರೂ ಎದ್ದು ಹೋದರು.

ಆ ಸಂಜೆ ಮೊಳೆ ಜೋಡಿಸುವವನ ಪಕ್ಕ ನಿಂತು ಇನ್ನೊಂದು ಪುಟ ಮಾಡಿಸಿದೆ. ಬಿಸಿಲು ತೆಗೆದೆ, ಅಡಿಗೆಯವನನ್ನು ತೆಗೆದೆ, ಕೋಟು ತೆಗೆದೆ. ಜಗುಲಿಯ ಮಾತು ಅವರದ್ದೇ, ಅದು ಉಳಿಯಿತು. ಅಲ್ಲಿ ರಾತ್ರಿ ಎರಡು, ಇಲ್ಲಿ ಮಧ್ಯಾಹ್ನ ಒಂದೂವರೆ, ನದಿ, ತರ್ಪಣ, ದೀಪ. ಎರಡು ಪುಟ ಇದ್ದದ್ದು ಅರ್ಧ ಪುಟವೂ ಆಗಲಿಲ್ಲ. ಯಜಮಾನರು ಪ್ರೂಫು ಎಳೆದುಕೊಟ್ಟು, "ಒಂದೇ ನದಿಗೆ ಎರಡು ಪ್ರೂಫು. ಯಾವುದು ಓದ್ತೀರಾ?" ಎಂದರು.

"ಗೊತ್ತಿಲ್ಲ."

"ಬಿಸಿಲಿಂದೇ ಓದಿ ಕವಿಗಳೇ. ಮುದುಕಿ ಉಂಡ್ರೆ ಸಾಕು. ಆಮೇಲೆ ನಿಮ್ಮ ಸತ್ಯಾನ ಬೇಕಾದ್ರೆ ಚಿನ್ನದ ಮೊಳೇಲಿ ಜೋಡಿಸಿಕೊಡ್ತೀನಿ."

ಅವರು ಹೇಳಿದ್ದು ತಪ್ಪೆಂದು ಇಂದಿಗೂ ಹೇಳಲಾರೆ. ಪಂಚಮಿಗೆ ಮೂರು ದಿನ ಇರುವಾಗ ಬಸ್ಸು ಹತ್ತಿದೆ. ಎಡ ಜೇಬಿನಲ್ಲಿ ಬಿಸಿಲು, ಬಲ ಜೇಬಿನಲ್ಲಿ ರಾತ್ರಿ. ದಾರಿಯುದ್ದಕ್ಕೂ ಎಡ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮುಳಬಾಗಿಲಿನ ಮನೆಯ ನಡುಮನೆಯಲ್ಲಿ ಆಕೆ ಗೋಡೆಗೆ ಒರಗಿ ಕೂತಿದ್ದರು. ಸೊಸೆ ಬೆನ್ನಿಗೆ ದಿಂಬು ಕೊಟ್ಟು ಒಳಗೆ ಹೋದರು. ಮುಂಗೈ ಎಷ್ಟು ಸಣ್ಣದಾಗಿತ್ತೆಂದರೆ ಬಳೆಯಿಲ್ಲದಿದ್ದದ್ದೇ ವಾಸಿ ಅನ್ನಿಸಿತು, ಇದ್ದಿದ್ದರೆ ನಿಲ್ಲುತ್ತಿರಲಿಲ್ಲ.

"ನೀನೇನಾ ಬರೆಯೋನು?"

"ಹೌದಮ್ಮ."

"ಮಾಲೂರೋನಂತೆ. ಕೂತ್ಕೋ ನಾಯನಾ. ಕಾಗದ ಇಲ್ಲಿ ಕೊಡು ಮೊದಲು."

ಎಡ ಜೇಬಿನದನ್ನೇ ಕೊಟ್ಟೆ. ಕಣ್ಣಿಗೆ ಪೊರೆ ಬಂದಿತ್ತು. ಹಾಳೆಯನ್ನು ತಿರುಗಿಸಿ, ಬೆನ್ನಿನ ಕಡೆ ಬೆರಳಾಡಿಸಿದರು. ಹೊಸ ಪ್ರೂಫಿನಲ್ಲಿ ಮೊಳೆ ಒತ್ತಿದ ಗುರುತು ಕೈಗೆ ಸಿಗುತ್ತದೆ. ಒಂದೊಂದು ಸಾಲನ್ನೂ ಬೆರಳಿನಲ್ಲಿ ಹಿಡಿದು ಹೋದರು, ಓದುವವರ ಹಾಗೆ.

"ಅಚ್ಚಾಗಿದೆ," ಎಂದರು. "ಹಾಗಾದ್ರೆ ನಿಜ. ಈಗ ಓದು."

ಅಷ್ಟು ಹೇಳದಿದ್ದರೆ ಓದಿಬಿಡುತ್ತಿದ್ದೆ. ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡೆ. ಬಿಸಿಲು ಎಂಬ ಮಾತು ಮೊದಲನೆಯ ಸಾಲಿನಲ್ಲೇ ಇತ್ತು. ಮಡಿಸಿ ಜೇಬಿಗಿಟ್ಟೆ.

"ಇದರಲ್ಲಿ ತಪ್ಪಿದೆಯಮ್ಮ. ತಿದ್ದಿದ್ದು ಇನ್ನೊಂದಿದೆ," ಎಂದು ಬಲ ಜೇಬಿನದನ್ನು ತೆಗೆದೆ.

"ಅಚ್ಚಿನಲ್ಲೂ ತಪ್ಪಿರುತ್ತಾ?"

"ಇರುತ್ತೆ. ನಾನು ಮಾಡಿದ್ದು."

ಓದಿದೆ. ಅರ್ಧ ಪುಟ ಓದಲು ಎಷ್ಟು ಹೊತ್ತು? ಮುಗಿದ ಮೇಲೆ ಒಳಗೆ ಪಾತ್ರೆಯ ಸದ್ದೂ ನಿಂತಿತ್ತು. ಸೊಸೆ ಬಾಗಿಲ ಹಿಂದೆ ನಿಂತಿದ್ದರೆಂದು ಕಾಣುತ್ತದೆ.

"ರಾತ್ರಿನಾ?"

"ಅಲ್ಲಿ ರಾತ್ರಿ."

"ಇಲ್ಲಿ?"

"ಒಂದೂವರೆ. ನಿಮ್ಮ ಯಜಮಾನರ ಗಡಿಯಾರ ನೋಡಿಕೊಂಡು ಬಿಟ್ಟಿದ್ದಾರೆ."

ಆಕೆಯ ತುಟಿ ಅಲ್ಲಾಡುತ್ತಿತ್ತು. ಮಂತ್ರವೋ, ಲೆಕ್ಕವೋ. ಬಿಸಿಲಿನ ಪುಟವನ್ನು ಈಗಲೂ ತೆಗೆಯಬಹುದು, ಇದೇ ತಪ್ಪು ಅದೇ ಸರಿ ಎನ್ನಬಹುದು ಎಂದು ಕೈ ಎಡ ಜೇಬಿಗೆ ಹೋಗಿತ್ತು.

"ಅವರು ಇದ್ದದ್ದು ಇಲ್ಲಿ," ಎಂದರು ಕೊನೆಗೆ. "ಈ ಊರು ಬಿಟ್ಟು ಕೋಲಾರದಿಂದಾಚೆ ಹೋದೋರಲ್ಲ. ಅಲ್ಲಿನ ರಾತ್ರಿ ಕಟ್ಕೊಂಡು ಅವರಿಗೇನು?" ಆಮೇಲೆ ನನ್ನ ಕಡೆ ತಿರುಗಿ, "ದಕ್ಷಿಣಕ್ಕೆ ಮುಖ ಮಾಡಿದ್ನಾ? ಕತ್ತಲಲ್ಲಿ ದಿಕ್ಕು ಹೆಂಗೆ ಗೊತ್ತಾಯ್ತು?"

ಇದು ನನ್ನ ಯಾವ ಜೇಬಿನಲ್ಲೂ ಇರಲಿಲ್ಲ, ಅಲ್ಲೇ ಹುಟ್ಟಿಸಿ ಹೇಳಿದೆ: "ಗಾಡಿ ಪಡುವಣಕ್ಕೆ ಓಡ್ತಿತ್ತಮ್ಮ. ಎಡಗೈ ಕಡೆ ದಕ್ಷಿಣ. ಆ ಕಡೆ ತಿರುಗಿ ಬಿಟ್ಟಿದ್ದಾರೆ."

"ಎಡಗಡೆ," ಎಂದರು. ತಮ್ಮ ಎಡಗೈಯನ್ನು ಸ್ವಲ್ಪ ಎತ್ತಿ ನೋಡಿಕೊಂಡರು. "ಸರಿ. ಕಾಗದ ಇಲ್ಲೇ ಬಿಟ್ಟು ಹೋಗು. ಹೊತ್ತಾದ್ರೆ ಬಸ್ಸು ಸಿಗಲ್ಲ ನಿಂಗೆ."

ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸು ಹೋಗುವುದೂ ಪಡುವಣಕ್ಕೆ. ತಿರುಗಿ ಕೂತು ಹಿಂದೆ ಸರಿಯುವ ರಸ್ತೆಯನ್ನು ನೋಡುತ್ತಿದ್ದೆ. ಸ್ವಲ್ಪ ದೂರ ಬಂದ ಮೇಲೆ ಹೊಳೆಯಿತು: ಗಾಡಿಯ ಕಟ್ಟಕಡೆಯ ಜಗುಲಿಯಲ್ಲಿ ನಿಂತವನು ಹೀಗೆಯೇ ಹಿಂದಕ್ಕೆ ನೋಡುತ್ತಿರುತ್ತಾನೆ. ಅವನಿಗೆ ದಕ್ಷಿಣ ಎಡಕ್ಕಲ್ಲ, ಬಲಕ್ಕೆ.

ಪಂಚಮಿ ಕಳೆದ ಮೇಲೆ ಪ್ರವಾಸಿಯಿಂದ ಒಂದು ಕಾರ್ಡು ಬಂತು. ತಾಯಿ ಎರಡು ಹೊತ್ತು ಊಟ ಮಾಡುತ್ತಿದ್ದಾರೆ, ಈ ವರ್ಷದ ತಿಥಿ ಆಯಿತು ಎಂದಿತ್ತು. ಕೊನೆಗೆ, "ನೀವು ಯಾವ ಪುಟ ಓದಿದಿರಿ? ಅಮ್ಮ ಹೇಳುವುದಿಲ್ಲ, ಕಾಗದ ತೋರಿಸುವುದೂ ಇಲ್ಲ." ನಾನು ಉತ್ತರ ಬರೆಯಲಿಲ್ಲ. ಕೆಲವು ವಾರಗಳಲ್ಲಿ ಯುದ್ಧ ಬಂತು, ಕಾಗದ ತುಟ್ಟಿಯಾಯಿತು, ಯಜಮಾನರು ಜೋಡಿಸಿದ್ದ ಪುಟಗಳನ್ನೆಲ್ಲ ಬಿಚ್ಚಿ ಮೊಳೆಗಳನ್ನು ಖಾನೆಗಳಿಗೆ ಹಾಕಿಸಿದರು. ಪುಸ್ತಕ ಆಗಲಿಲ್ಲ.

ಆ ರಾತ್ರಿ ಆ ಜಗುಲಿಯ ಮೇಲೆ ಅವರು ನಿಂತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಿಂತಿದ್ದರೆ ಯಾವ ಕಡೆ ತಿರುಗಿದ್ದರು ಎಂಬುದೂ ಗೊತ್ತಿಲ್ಲ. ನೋಡಿದವನು ಒಬ್ಬನೇ, ದೀಪ ಹಿಡಿದವನು. ಅವನ ಹೆಸರನ್ನು ಯಾರೂ ಕೇಳಲಿಲ್ಲ.